ರಿಮೈಂಡ್ ಅತ್ತಿಗೆ

ನನ್ನ ಮೈದುನನಿಗೆ ಇಂಗ್ಲಿಷ್ ಬರುತ್ತದೆ. ಎಷ್ಟು ಬರುತ್ತದೆ ಎಂದು ಕೇಳಿದರೆ, ಒಂದು ಪದ. ಆ ಒಂದೇ ಪದದಲ್ಲಿ ಅವನು ನನ್ನ ಅರ್ಧ ಆಯುಸ್ಸು ತಿಂದಿದ್ದಾನೆ. ಪೂರ್ತಿ ಭಾಷೆ ಬಂದಿದ್ದರೆ ನಾನು ಎಂದೋ ಗೋಡೆಯ ಮೇಲೆ ಫೋಟೋ ಆಗಿರುತ್ತಿದ್ದೆ!

ಆ ಪದ ‘ರಿಮೈಂಡ್’. ನಾನು ಓದಿದ್ದು ತಾಳವಾಡಿ ಕಡೆಯ ಊರಿನಲ್ಲಿ, ಕನ್ನಡ ಮೂರನೇ ಕ್ಲಾಸು. ಇಲ್ಲಿ ಕೊಯಮತ್ತೂರು ಪಕ್ಕದ ಪೆರಿಯನಾಯಕನಪಾಳ್ಯಕ್ಕೆ ಸೊಸೆಯಾಗಿ ಬಂದಾಗ ಇವನು ಚಡ್ಡಿ ಹಾಕಿಕೊಂಡು ಸ್ಲೇಟು ನೆಕ್ಕಿ ಅಳಿಸುತ್ತಿದ್ದ. ದೊಡ್ಡವನಾಗಿ ನೂಲಿನ ಮಿಲ್ಲಿನಲ್ಲಿ ಹಾಜರಿ ಬರೆಯುವ ಟೈಮ್ ಆಫೀಸು ಸೇರಿದ. ಅಲ್ಲಿಯ ಮ್ಯಾನೇಜರಿಗೆ ತಮಿಳು ಬಾರದು. ಬೆಳಿಗ್ಗೆ ಬಂದವನೇ ಕೋಟು ಕಳಚುತ್ತಾ, ‘ಹತ್ತು ಗಂಟೆಗೆ ಇದನ್ನು ರಿಮೈಂಡ್ ಮಿ, ಊಟದ ಮೇಲೆ ಅದನ್ನು ರಿಮೈಂಡ್ ಮಿ’ ಅನ್ನುವನಂತೆ. ಎಂಥ ಸುಖ ನೋಡಿ! ಮರೆಯುವ ಕೆಲಸ ಅವನದು, ನೆನಪಿಡುವ ಕೆಲಸ ಇವನದು. ಮೂವತ್ತು ವರ್ಷ ಹೀಗೇ ನಡೆಯಿತು. ಮ್ಯಾನೇಜರು ಹೋದ, ಮಿಲ್ಲೂ ಮುಚ್ಚಿತು, ಪದ ಮಾತ್ರ ನಮ್ಮ ಮನೆಗೆ ಬಂದು ಕೂತಿತು.

ಮದುವೆ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ರಿಮೈಂಡ್ ಮಾಡಿಸಿಕೊಳ್ಳಲು ಇನ್ನೊಬ್ಬಳು ಇರುತ್ತಿದ್ದಳು. ಈಗ ಎಲ್ಲವೂ ನನಗೇ. ಬೆಳಿಗ್ಗೆ ಎದ್ದವನೇ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಚೀಟಿ ಬರೆಯುತ್ತಾನೆ. ಮೊದಲಿಗೆ ಇಂಗ್ಲಿಷಿನಲ್ಲಿ ‘ರಿಮೈಂಡ್’, ಆಮೇಲೆ ತಮಿಳು ಅಕ್ಷರದಲ್ಲಿ ಯಾರಿಗೆ, ಏನು ಎಂದು. ರಿಮೈಂಡ್ ಅತ್ತಿಗೆ: ಹಾಲು. ರಿಮೈಂಡ್ ಅತ್ತಿಗೆ: ಸಕ್ಕರೆ ಮಾತ್ರೆ. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ಕೆಮ್ಮುತ್ತಾನೆ.

“ಅತ್ತಿಗೆ, ಐ ರಿಮೈಂಡ್ ಯೂ, ಹಾಲು.”

“ಉಕ್ಕಿ ಹೋಯ್ತು ಕಣಪ್ಪಾ. ನೀನು ಕೆಮ್ಮಿ ಮುಗಿಸೋ ಹೊತ್ತಿಗೇ ಹೋಯ್ತು.”

“ಹಂಗಾದ್ರೆ ನಾಳಿಂದ ಸ್ವಲ್ಪ ಮುಂಚೆ ರಿಮೈಂಡ್ ಮಾಡ್ತೀನಿ.”

ಬಸ್ ಬೋರ್ಡು ಓದಿ ಓದಿ ತಮಿಳು ಅಕ್ಷರ ಕಲಿತವಳು ನಾನು. ಇವನ ಚೀಟಿ ನೋಡಿ ನೋಡಿ ಆ ಇಂಗ್ಲಿಷ್ ಪದದ ಆಕಾರವೂ ಪರಿಚಯವಾಯಿತು. ಓದಲು ಬಾರದು, ಆದರೆ ದೂರದಿಂದಲೇ ಗುರುತು ಸಿಗುತ್ತದೆ, ಹಳೇ ಶತ್ರುವಿನ ಹಾಗೆ.

ಒಮ್ಮೆ ಮದುಕ್ಕರೈಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಉಕ್ಕಡದಲ್ಲಿ ಬಸ್ ಹತ್ತಿದೆವು. ನಮ್ಮ ಕಡೆಯವರು ಏನು ಮಾಡುತ್ತಾರೆ? ‘ಮದುಕ್ಕರೈ ಬಂದ್ರೆ ಹೇಳಪ್ಪಾ’ ಎಂದು ಕಂಡಕ್ಟರಿಗೆ ಹೇಳಿ ನಿದ್ದೆ ಮಾಡುತ್ತಾರೆ. ಇವನು ಬೆನ್ನು ನೆಟ್ಟಗೆ ಮಾಡಿ, “ಕಂಡಕ್ಟರ್, ರಿಮೈಂಡ್ ಮಿ ಮದುಕ್ಕರೈ” ಅಂದ.

“ಉಕ್ಕಾರುಂಗ ಪೆರಿಯವರೇ, ಸೊಲ್ಲರೇನ್” ಎಂದ ಆ ಹುಡುಗ. ಕೂತುಕೊಳ್ಳಿ, ಹೇಳ್ತೀನಿ ಎಂದು.

ಹೇಳ್ತೀನಿ ಎಂದರೆ ಸಾಕೇ? ಅವನು ಮರೆತರೆ? ಇವನು ಎದ್ದು ಹೋಗಿ, ತನಗೆ ರಿಮೈಂಡ್ ಮಾಡಬೇಕೆಂದು ಅವನಿಗೆ ರಿಮೈಂಡ್ ಮಾಡಿದ. ಐದು ಸಲ! ಆರನೆಯ ಸಲ ಕಂಡಕ್ಟರ್ ಕೈ ಮುಗಿದ. ಅಷ್ಟಕ್ಕೂ ಬಿಡದೆ, ಇಂಗ್ಲಿಷಿನವರಲ್ಲಿ ಇದು ಎಷ್ಟು ಮರ್ಯಾದೆಯ ಪದ್ಧತಿ ಎಂದು ಪಕ್ಕದ ಸೀಟಿನ ಹೂವಿನವಳಿಗೆ ವಿವರಿಸಲು ಕೂತ. ಕಂಡಕ್ಟರ್ ಮದುಕ್ಕರೈ ಮದುಕ್ಕರೈ ಎಂದು ಗಂಟಲು ಹರಿದುಕೊಂಡ. ಇವನು ಕೈ ಎತ್ತಿ, “ಇರುಪ್ಪಾ, ಮಾತಾಡ್ತಾ ಇದ್ದೀನಿ” ಅಂದ. ನಾನಾ? ನಾನು ನಿದ್ದೆಯಲ್ಲಿದ್ದೆ, ಇದೆಲ್ಲ ಆಮೇಲೆ ಹೂವಿನವಳು ಹೇಳಿದ್ದು. ಇಳಿದಿದ್ದು ಮದುಕ್ಕರೈ ದಾಟಿ, ಎಟ್ಟಿಮಡೈಯಲ್ಲಿ. ಗೃಹಪ್ರವೇಶದ ಊಟದಲ್ಲಿ ನಮಗೆ ಸಿಕ್ಕಿದ್ದು ಮಜ್ಜಿಗೆ.

ನಮ್ಮ ಮೊಮ್ಮಗಳು ಕೊಯಮತ್ತೂರಿನಲ್ಲಿ ಆಫೀಸಿಗೆ ಹೋಗುವವಳು, ನನ್ನ ಜೊತೆಗೇ ಇದ್ದಾಳೆ. ಈ ಪದಕ್ಕೆ ಬೇಲಿ ಹಾಕು ಮಗಳೇ ಎಂದರೆ ಅವಳು ಗೊಬ್ಬರ ಹಾಕಿದಳು. ಅವರ ಆಫೀಸಿನಲ್ಲಿ ‘ಜೆಂಟಲ್ ರಿಮೈಂಡರ್’ ಎಂದು ಬರೆಯುತ್ತಾರಂತೆ, ಮೆತ್ತಗೆ ನೆನಪಿಸುವುದು.

“ಒಂದ್ಸಲಕ್ಕೆ ಕೇಳದಿದ್ರೆ?” ಎಂದೆ.

“ಎರಡನೇದೂ ಜೆಂಟಲ್ಲೇ ಅಜ್ಜಿ, ಮೂರನೇದೂ ಜೆಂಟಲ್ಲೇ. ಹಲ್ಲು ಕಡ್ಕೊಂಡು ಬರೀತೀವಿ, ಅಷ್ಟೆ.”

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಒಂದು ವಸ್ತು ನೋಡಿ ಇನ್ನೊಂದು ಹೊಳೆದರೆ ‘ದಟ್ ರಿಮೈಂಡ್ಸ್ ಮಿ’ ಎಂದು ಮಾತಿನ ನಡುವೆ ಹಾಕಿ, ಬೇರೆ ವಿಷಯಕ್ಕೆ ಹೋಗಬಹುದು ಎಂದೂ ಹೇಳಿಕೊಟ್ಟಳು. ಇವನ ಕಣ್ಣು ಅರಳಿತು. ಮನುಷ್ಯರೇ ನೆನಪಿಸಬೇಕೆಂದಿಲ್ಲ, ಕಲ್ಲು ಮಣ್ಣೂ ನೆನಪಿಸುತ್ತವೆ! ನನ್ನ ಚಟ್ನಿ ಅವನಿಗೆ ಮಿಲ್ಲಿನ ಗೋಡೆಯ ಗಾರೆಯನ್ನು ನೆನಪಿಸಿತು. ನನ್ನ ಗೊರಕೆ ಬಾಯ್ಲರನ್ನು ನೆನಪಿಸಿತು.

ಅದೇ ವಾರ ಹಿಂದಿನ ಬೀದಿಯ ಯಜಮಾನರೊಬ್ಬರು ತೀರಿಕೊಂಡರು. ಹೋದೆವು. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ಇವನು ಬಿದಿರನ್ನೇ ನೋಡುತ್ತಾ ನಿಂತ. ಬೇಡ ಬೇಡ ಎಂದು ನಾನು ಅವನ ಅಂಗಿ ಎಳೆಯಲು ಹೋದೆ, ಎಳೆದದ್ದು ನನ್ನದೇ ಸೆರಗು. ತೀರಿಕೊಂಡವರ ಹೆಂಡತಿ ಅಳುತ್ತಾ ಕೂತಿದ್ದರೆ, ಇವನು ಆಕೆಯ ಮುಂದೆ ಹೋಗಿ, “ದಟ್ ರಿಮೈಂಡ್ಸ್ ಮಿ ಅಮ್ಮಾ, ನಮ್ಮ ಏಣಿ ನಿಮ್ಮ ಹಿತ್ತಲಲ್ಲೇ ಐತೆ” ಅಂದ!

ಏಣಿ ಅಂದೇ ಬಂತು. ಆ ಮನೆಯವರು ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ.

ಇಷ್ಟಾದರೂ ಇವನನ್ನು ಮನೆಯಿಂದ ಓಡಿಸದಿರಲು ಒಂದು ಕಾರಣವಿತ್ತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳಬಾರದು. ನಾನು ಹೇಳಿಲ್ಲ. ಅವರಿದ್ದಾಗಲೂ ಇಲ್ಲ, ಹೋದ ಈ ಆರು ವರ್ಷದಲ್ಲೂ ಇಲ್ಲ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ನಾನು ಮೈದುನನ ಮುಖ ನೋಡಬೇಕು, ಅವನು ಹೇಳಬೇಕು. ಒಮ್ಮೆ ಕಣ್ಣಿನ ಆಸ್ಪತ್ರೆಯಲ್ಲಿ ಇವನು ಟೀ ಕುಡಿಯಲು ಹೋಗಿದ್ದ. ಬರುವವರೆಗೆ ನಾನು ಬಾಯಿ ಬಿಡಲಿಲ್ಲ. ನನ್ನ ಹಿಂದೆ ಹದಿನೈದು ಜನ ಅರೆಗಣ್ಣಿನಲ್ಲಿ ಕಾದರು.

ಅದಕ್ಕಿಂತ ದೊಡ್ಡದು ಮಹಾಲಯ ಅಮಾವಾಸ್ಯೆ. ಅಂದು ಎಡೆ ಇಟ್ಟು, ಮನೆಯವರೊಬ್ಬರು ಹೊಸಿಲಲ್ಲಿ ನಿಂತು ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕೂಗಬೇಕು. ಯಾರ ಹೆಸರು ಕೂಗಲಿಲ್ಲವೋ ಅವರು ಆಚೆಯೇ ನಿಂತುಬಿಡುತ್ತಾರಂತೆ. ನನಗೆ ಗಂಡು ಮಕ್ಕಳಿಲ್ಲ. ಹೆಣ್ಣು ಮಕ್ಕಳಿಬ್ಬರನ್ನೂ ತಿರುಪ್ಪೂರಿಗೆ ಕೊಟ್ಟಿದೆ, ಅವರು ಈಗ ಬೇರೆ ಮನೆಯವರು, ಅವರು ಕೂಗುವಂತಿಲ್ಲ. ಮನೆಯವಳಾದ ನಾನು ಕೂಗಬಹುದು, ಆದರೆ ಬಾಯಲ್ಲಿ ಆ ಹೆಸರು ಬರಬಾರದು. ಯಾರು ಮಾಡಿದ ಕಾನೂನೋ, ಅವರಿಗೆ ಹಸಿವು ಇರಲಿಲ್ಲವೆಂದು ಕಾಣುತ್ತದೆ. ಉಳಿದವನು ಇವನೊಬ್ಬ.

ಈ ವರ್ಷ ಇವನ ಎದೆಯೊಳಗೆ ಡಾಕ್ಟರು ಒಂದು ಸ್ಪ್ರಿಂಗು ಇಟ್ಟು ಕಳಿಸಿದರು. ಅಂದಿನಿಂದ ಹೊಸ ರಾಗ.

“ಅತ್ತಿಗೆ, ನಾನೂ ಹೋದ್ರೆ ಅಣ್ಣನ್ನ ಊಟಕ್ಕೆ ಯಾರು ಕೂಗಾದು?”

“ಹೋಗೋವಾಗ ರಿಮೈಂಡ್ ಮಾಡು, ನೋಡ್ಕೋತೀನಿ.”

ನಗುತ್ತಾನೆಂದುಕೊಂಡೆ. ನಗಲಿಲ್ಲ. ನಾನೂ ಹಾಗೆ ಹೇಳಿ ಒಳಗೆ ಬಂದವಳು, ಅಕ್ಕಿ ಆರಿಸುತ್ತಾ ಕಲ್ಲು ಇಟ್ಟುಕೊಂಡು ಅಕ್ಕಿ ಎಸೆದಿದ್ದೆ.

ಅಮಾವಾಸ್ಯೆ ಬಂತು. ಅವರಿಗೆ ಇಷ್ಟವಾದ ಕಡಲೆಬೇಳೆ ವಡೆ, ಪಾಯಸ, ಕೆಂಬಾಳೆಹಣ್ಣು, ಲೋಟ ತುಂಬ ಕಾಫಿ. ಮೈದುನ ಇಸ್ತ್ರಿ ಅಂಗಿ ಹಾಕಿಕೊಂಡು ಹೊಸಿಲಲ್ಲಿ ನಿಂತ. ತಾತನನ್ನು ಕೂಗಿದ, ಅಜ್ಜಿಯನ್ನು ಕೂಗಿದ, ಅಪ್ಪ ಅಮ್ಮನನ್ನು ಕೂಗಿದ. ಆಮೇಲೆ ನಿಂತುಬಿಟ್ಟ.

“ಅಣ್ಣ…” ಅಂದ. “ಅತ್ತಿಗೆ, ಅಣ್ಣನ ಹೆಸ್ರು ಬರ್ತಾ ಇಲ್ಲ.”

“ಆಟ ಆಡ್ಬೇಡ. ವಡೆ ಆರೋಗ್ತೈತೆ.”

“ನಿಜವಾಗ್ಲೂ ಅತ್ತಿಗೆ. ಬಾಯಿಗೆ ಬರ್ತಾ ಇಲ್ಲ.”

ಮೊಮ್ಮಗಳು ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದ. “ನೀ ಹೇಳ್ಬೇಡ ನನ್ ಕಣ್ಣೇ, ನೀನು ಬೇರೆ ಮನೆ ಕೂಸು.” ನನ್ನ ಕಡೆ ತಿರುಗಿದ. “ಅತ್ತಿಗೆ, ರಿಮೈಂಡ್ ಮಿ.”

ಇಷ್ಟು ವರ್ಷದಲ್ಲಿ ಅವನು ನನ್ನ ಹತ್ತಿರ ಹಾಗೆ ಕೇಳಿದ್ದು ಅದೇ ಮೊದಲು.

ನನಗೆ ಸಿಟ್ಟು ಬಂತು. ಮರೆತ ಇವನ ಮೇಲೆ, ಮೊದಲೇ ಎದ್ದು ಹೋದ ಅವರ ಮೇಲೆ. ಬೆಳಗಿನಿಂದ ಬೆನ್ನು ಮುರಿದುಕೊಂಡು ಬೇಯಿಸಿದವಳು ನಾನು, ತಿನ್ನಬೇಕಾದವರು ಬೀದಿಯಲ್ಲಿ ನಿಂತಿರಬೇಕೇ? ಹೊಸಿಲಿಗೆ ಹೋದೆ. ಹೇಳಿದೆ. ಹೆಸರು ಹಿಡಿದು ಕೂಗಿ, “ಬನ್ನಿ, ಆರೋಗ್ತೈತೆ” ಅಂದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮನೆಗೆ ಅವರು ಊಟಕ್ಕೆ ಬರಬೇಕಾಗಿಲ್ಲ.

ಕಾಗೆಯೊಂದು ತಕ್ಷಣ ಬಂದು ವಡೆ ಎತ್ತಿಕೊಂಡು ಹೋಯಿತು. ಅದು ಅವರೇ ಎಂದು ನಾನು ಹೇಳುವವಳಲ್ಲ. ನಮ್ಮ ಬೀದಿಯ ಕಾಗೆಗಳು ಯಾರ ಹೆಸರು ಕೂಗಿದರೂ ಬರುತ್ತವೆ.

ಮೈದುನ ಮಾತ್ರ ನಾಲ್ಕು ವಡೆ ತಿಂದ. ಅಣ್ಣನ ಹೆಸರು ಮರೆತವನಿಗೆ ಇಷ್ಟು ಹಸಿವೇ ಎಂದು ನೋಡುತ್ತಾ ಕೂತೆ.

ಮರುದಿನ ಅವನ ಆ ಅಂಗಿ ಒಗೆಯಲು ತೆಗೆದರೆ ಜೇಬಿನಲ್ಲಿ ಹಿಂದಿನ ದಿನದ ಚೀಟಿ. ಮೊದಲಿಗೆ ಆ ಹಳೇ ಶತ್ರು, ರಿಮೈಂಡ್. ಆಮೇಲೆ ತಮಿಳು ಅಕ್ಷರದಲ್ಲಿ ಅತ್ತಿಗೆ. ಅದರ ಮುಂದೆ, ಒಂದು ಅಕ್ಷರವೂ ತಪ್ಪದೆ, ದೊಡ್ಡದಾಗಿ, ಅವನ ಅಣ್ಣನ ಹೆಸರು.

ಸೋಪಿನ ಕೈ ಒರೆಸಿಕೊಂಡು ಚೀಟಿಯನ್ನು ಪಕ್ಕಕ್ಕಿಟ್ಟೆ. ಸಂಜೆ ಅಂಗಿ ಒಣಗಿದ ಮೇಲೆ ಮಡಿಸಿ, ಅದೇ ಜೇಬಿನಲ್ಲಿ ಅದನ್ನು ಮತ್ತೆ ಇಟ್ಟೆ. ಅಂಗಿ ತೆಗೆದುಕೊಳ್ಳಲು ಬಂದವನು ಜೇಬು ಮುಟ್ಟಿ ನೋಡಿದ. ನನ್ನ ಮುಖ ನೋಡಿದ. ಕೆಮ್ಮಿದ.

“ಅತ್ತಿಗೆ, ಐ ರಿಮೈಂಡ್ ಯೂ, ಕಾಫಿ.”

ಹಾಲು ಆಗಲೇ ಒಲೆಯ ಮೇಲಿತ್ತು. ಎರಡು ಲೋಟವನ್ನೂ ತೊಳೆದು ಇಟ್ಟಿದ್ದೆ.

“ಹೌದಲ್ಲಪ್ಪಾ” ಅಂದೆ, “ಮರ್ತೇ ಹೋಗಿದ್ದೆ.”