ಪಾಲಿಸಿಯಲ್ಲಿ ಬರದ ಆಪತ್ತುಗಳು

ಬಾಡಿಗೆಯವರು ಇರುವವರೆಗೆ ಅಪಾರ್ಟ್‌ಮೆಂಟ್ ಮ್ಯಾನೇಜರನಿಗೆ ನಗುವಿಗೆ ಬರವಿಲ್ಲ. ತೆಲುಗು ಸೀಮೆಯ ಅಮೀರ್‌ಪೇಟೆಯ ಗಲ್ಲಿಗಲ್ಲಿಯಲ್ಲೂ ಕಂಪ್ಯೂಟರ್ ಕ್ಲಾಸಿನ ಬೋರ್ಡು ನೇತಾಡುತ್ತಿದ್ದ ಕಾಲ. ಕಲಬುರಗಿಯಿಂದ ಹೋದ ನಾನು ಅಲ್ಲೊಂದು ಅಪಾರ್ಟ್‌ಮೆಂಟ್ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಮಾಲೀಕರಿಗೆ ಹೊಳೆಯಿತು: ಬಾಡಿಗೆಗೆ ಬರುವವರೆಲ್ಲ ತಮ್ಮ ಸಾಮಾನಿಗೆ ವಿಮೆ ಮಾಡಿಸಬೇಕು. ಗೋಡೆ ನಮ್ಮದು, ಒಳಗಿನ ಟಿವಿ, ಮಂಚ ಅವರದು. ನಾಳೆ ಏನಾದರೂ ಆದರೆ ನಮ್ಮ ಕೊರಳಿಗೆ ಬರಬಾರದು. ಇದನ್ನು ಮನೆಮನೆಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಹಾಲು ಉಕ್ಕುವ ಹೊತ್ತು

ಮೊದಲು ಹೋದದ್ದು ಅಂದೇ ಬಂದಿಳಿದಿದ್ದ ಒಂದು ಸಂಸಾರದ ಮನೆಗೆ. ಒಲೆಯ ಮೇಲೆ ಹಾಲು, ಸುತ್ತ ಬಂಧುಬಳಗ. ನಾನು ಬಾಗಿಲಲ್ಲೇ ಶುರುಮಾಡಿದೆ: "ನೋಡ್ರಿ, ಮನಿಗೆ ಬೆಂಕಿ ಬಿತ್ತಂದ್ರ..."

ಅಲ್ಲಿದ್ದ ಅಜ್ಜಿ ಓಡಿಬಂದು ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದರು. "ಇನ್ನರ ಒಳ್ಳೇದು ಮಾತಾಡಪ್ಪ!"

ಹೇಗೋ ನುಂಗಿ, "ಹಂಗಲ್ಲಬೇ, ಕಳ್ಳರು ಬಂದ್ರ..." ಎಂದೆ. ಇನ್ನೊಂದು ಹಿಡಿ ಬಿತ್ತು.

ನಾನು ಪ್ರವಾಹದ ಮಾತಿಗೆ ಬರುವಷ್ಟರಲ್ಲಿ ಅವರ ಸಕ್ಕರೆ ಡಬ್ಬಿ ಖಾಲಿ. ಆಮೇಲೆ ಬಂದ ನೆಂಟರಿಗೆಲ್ಲ ಬರೀ ಹಾಲು ಕೊಟ್ಟರಂತೆ.

ಭರಣಿಯ ತಪಾಸಣೆ

ಧಾರವಾಡದ ಕಡೆಯ ಅಮ್ಮ ಒಬ್ಬರಿದ್ದರು. ಮೇಲಿನ ಮನೆಯ ಪೈಪು ಒಡೆದು, ಅವರ ಮಾವಿನ ಉಪ್ಪಿನಕಾಯಿ ಭರಣಿಗೆ ನೀರು ನುಗ್ಗಿತು. ಟಿವಿಯೂ ತೊಯ್ದಿತ್ತು. ಅದನ್ನು ಅವರು ತಿರುಗಿಯೂ ನೋಡಲಿಲ್ಲ. ಭರಣಿಯ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದರು.

ವಿಮೆ ಕಂಪನಿಯಿಂದ ತೆಲುಗಿನ ಸಾಹೇಬರೊಬ್ಬರು ನಷ್ಟ ನೋಡಲು ಬಂದರು. ಟಿವಿ ನೋಡಿ, ಭರಣಿಯತ್ತ ಕೈ ಬೀಸಿ, "ಉಪ್ಪಿನಕಾಯಿಗೆಲ್ಲ ಪರಿಹಾರ ಇಲ್ಲಮ್ಮ. ಅಷ್ಟಕ್ಕೂ ನಮ್ಮ ಆವಕಾಯ ಉಪ್ಪಿನಕಾಯಿ ಮುಂದೆ ಇದು ಏನು?" ಎಂದು ತೆಲುಗಿನಲ್ಲಿ ಅಂದರು. ಅದನ್ನು ನಾನು ಬುದ್ಧಿಗೆಟ್ಟು ಕನ್ನಡಕ್ಕೆ ತಿರುಗಿಸಿ ಹೇಳಿದೆ.

ಅಮ್ಮನ ಅಳು ಫಟ್ಟನೆ ನಿಂತಿತು. ಒಳಗೆ ಉಳಿದಿದ್ದ ಇನ್ನೊಂದು ಭರಣಿ ಹೊರಬಂತು, ಜೊತೆಗೆ ಬಿಸಿ ಅನ್ನ. "ಮೊದಲ ತಿನ್ನಂತ ಹೇಳ್ರಿ ಅವಗ!"

ಸಾಹೇಬರು ತಿಂದರು. ಮತ್ತೆ ಹಾಕಿಸಿಕೊಂಡರು. ಮರುದಿನ ಪುನಃ ಬಾಗಿಲು ತಟ್ಟಿ, "ತಪಾಸಣೆ ಸ್ವಲ್ಪ ಬಾಕಿ ಇದೆ" ಎಂದರು. ಕೈಯಲ್ಲಿ ಖಾಲಿ ಟಿಫಿನ್ ಡಬ್ಬಿ ಇತ್ತು.

ಮನೆ ಖಾಲಿ

ಮೂರನೇ ಮಹಡಿಯಲ್ಲಿ ರಾಯಚೂರಿನ ಅಣ್ಣತಮ್ಮಂದಿರಿಬ್ಬರು, ಇಬ್ಬರೂ ಸಾಫ್ಟ್‌ವೇರ್. ಒಂದು ಸಂಜೆ ಆಫೀಸಿನಿಂದ ಬಂದವರೇ ಚೀರುತ್ತ ಕೆಳಗಿಳಿದರು.

"ಸರ್, ಕಳ್ಳತನ ಆಗೇತ್ರಿ! ಬಾಗಲಾ ತೆರದೈತಿ, ಬಟ್ಟಿ ಇಲ್ಲ, ಹಾಸಿಗಿ ಇಲ್ಲ, ಎಲ್ಲಾ ಖಾಲಿ!"

ನಾನು ನೋಡಿಕೊಳ್ಳುವ ಕಟ್ಟಡದಲ್ಲಿ ಕಳ್ಳತನ! ವಿಮೆ ಏಜೆಂಟರು ಬೇರೆ ಕೆಲಸಕ್ಕೆ ಬಂದು ನನ್ನ ಮುಂದೆಯೇ ಚಹಾ ಕುಡಿಯುತ್ತಿದ್ದರು. ಬೀದರಿನ ಮನುಷ್ಯ. ಎಲ್ಲರೂ ಮೇಲಕ್ಕೆ ಓಡಿದೆವು.

ಮನೆ ಖಾಲಿಯೇನೋ ಹೌದು. ಆದರೆ ನೆಲ ಫಳಫಳ, ಪಾತ್ರೆ ಥಳಥಳ. ಕಂಪ್ಯೂಟರ್ ಜಾಗದಲ್ಲೇ ಇತ್ತು, ಅದಕ್ಕೊಂದು ಕುಂಕುಮದ ಬೊಟ್ಟು. ಏಜೆಂಟರು ಹೊಸ್ತಿಲು ನೋಡಿ, "ಏನ್ರೋ, ಕಳ್ಳ ರಂಗೋಲಿ ಹಾಕಿ ಹೋಗ್ಯಾನೇನು?" ಎಂದರು.

ಅಷ್ಟರಲ್ಲಿ ತಾರಸಿಯಿಂದ ಒಣಬಟ್ಟೆಯ ಗಂಟು ಹೊತ್ತು ಅವರ ಅವ್ವ ಇಳಿದು ಬಂದರು. ಹೇಳದೆ ಕೇಳದೆ ಊರಿಂದ ಬಂದು, ವಾಚ್‌ಮನ್ ಹತ್ತಿರ ಕೀಲಿ ಇಸಕೊಂಡಿದ್ದರು. "ಹಾಸಿಗಿ ಬಿಸಿಲಿಗೆ ಹಾಕೀನಿ. ನಿಮ್ಮ ಹರಕು ಬನೀನು, ಆ ಹಳೇ ಪೇಪರು, ಬಾಟ್ಲಿ ಎಲ್ಲಾ ಗುಜರಿಯವಗ ಕೊಟ್ಟೆ. ಹಬ್ಬದ ತನಕ ಇಲ್ಲೇ ಇರ್ತೀನಿ."

ಹುಡುಗರ ಮುಖ ಸಪ್ಪಗಾಯಿತು. ದೊಡ್ಡವನು ಏಜೆಂಟರ ಕಿವಿಯ ಹತ್ತಿರ ಬಾಗಿ, "ಸರ್, ಅವ್ವ ಬಂದದ್ದು ಪಾಲಿಸಿಯೊಳಗ ಬರತೈತೇನ್ರಿ?" ಎಂದು ಪಿಸುಗುಟ್ಟಿದ.

ಏಜೆಂಟರು ನಿಟ್ಟುಸಿರು ಬಿಟ್ಟರು. "ಇಲ್ಲೋ ತಮ್ಮಾ. ಅಂಥಾದ್ದೊಂದು ಇದ್ದಿದ್ರ ಮೊದಲ ನಾನ ತಗೊಂತಿದ್ದೆ. ನಮ್ಮವ್ವ ನಾಳೆ ಬರಾಕತ್ತಾಳ."