ಹುಣಿಸೆ ಬಿಡಿಸುವ ಕೈಗೆ ಪುಳಿಯೋಗರೆ

ನಾನು ಸಿಟ್ಟಿನ ಹೆಂಗಸು. ಹಿಂದೂಪುರದ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿ ನಾನೇನೋ ನಿವೃತ್ತಳಾದೆ, ನನ್ನ ಸಿಟ್ಟು ಆಗಲಿಲ್ಲ. ಬೇಸಿಗೆ ರಜೆ ಬಂತೆಂದರಂತೂ ಅದು ಮೂಗಿನ ತುದಿಯಲ್ಲೇ ಕೂತಿರುತ್ತದೆ. ರಜೆ ಎಂದರೆ ನನ್ನ ಮೊಮ್ಮಕ್ಕಳಿಗೆ ಮಾವಿನಹಣ್ಣು. ನಮ್ಮ ಬೀದಿಯ ಹಿಂದಿನ ಹುಣಿಸೆ ಮಂಡಿಯಲ್ಲಿ ಕೂಲಿ ಮಾಡುವವರ ಮಕ್ಕಳಿಗೆ ಶಾಲೆಯ ಬಿಸಿಯೂಟ ಬಂದ್. ಹಸಿವಿಗೂ ರಜೆ ಎಂದು ಸುತ್ತೋಲೆ ಕಳಿಸುವುದನ್ನು ಮಾತ್ರ ಶಿಕ್ಷಣ ಇಲಾಖೆಯವರು ಮರೆತಿದ್ದಾರೆ!

ಅದಕ್ಕೇ ನಮ್ಮ ಬೀದಿಯ ಸಮಿತಿ ದೇವಸ್ಥಾನದ ಜಗಲಿಯಲ್ಲಿ ಆ ಮಕ್ಕಳಿಗೆ ಮಧ್ಯಾಹ್ನದ ಊಟ ಶುರುಮಾಡಿತು. ಊಟಕ್ಕೆ ಮುಂಚೆ ಯೋಗ, ಯೋಗಕ್ಕೆ ಮುಂಚೆ ಅಧ್ಯಕ್ಷ ರಂಗಪ್ಪನ ಭಾಷಣ. ಈ ರಂಗಪ್ಪ ಒಂದು ಕಾಲದಲ್ಲಿ ನನ್ನ ಕೈಯಲ್ಲೇ ಕಿವಿ ಹಿಂಡಿಸಿಕೊಂಡವನು. ಹೊಟ್ಟೆ ಚುರುಗುಟ್ಟುವ ಮಕ್ಕಳಿಗೆ ಉಸಿರು ಬಿಗಿಹಿಡಿಯಿರಿ ಎನ್ನುತ್ತಾನಲ್ಲ, ಅವನ ಕಿವಿಯನ್ನು ಇನ್ನೊಂದು ಸಲ ಹಿಂಡಬೇಡವೇ?

ನಾಲ್ಕನೆಯ ದಿನ ಒಂಬತ್ತು ವರ್ಷದ ನಾಗವೇಣಿ ಎಲೆಯ ಮುಂದೆ ಕೈಕಟ್ಟಿ ಕೂತಿದ್ದಳು. ಯಾಕೆ ತಿನ್ನುತ್ತಿಲ್ಲ ಎಂದು ಕೇಳಿದೆ.

"ಕೈ ಉರೀತದೆ ಟೀಚರಮ್ಮ. ಬೆಳಿಗ್ಗಿಂದ ಅಮ್ಮನ ಜೊತೆ ಹುಣಿಸೆಹಣ್ಣು ಬಿಡಿಸ್ಬುಟ್ಟು ಬತ್ತೀನಿ. ನೀವು ದಿನಾ ಹುಳಿಯನ್ನಾನೇ ಇಕ್ತೀರ."

ಬೆರಳುಗಳ ಸಂದಿಯೆಲ್ಲ ಬಿರಿದು ಕೆಂಪಾಗಿತ್ತು. ನಾಲ್ಕು ದಿನದಿಂದ ಮಗು ಸರಿಯಾಗಿ ಉಂಡಿರಲಿಲ್ಲ, ನಾವ್ಯಾರೂ ನೋಡಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನೇರ ರಂಗಪ್ಪನ ಮುಂದೆ ಹೋಗಿ ನಿಂತೆ.

"ಹುಣಿಸೆ ಬಿಡಿಸೋ ಮಕ್ಕಳಿಗೆ ದಿನಾ ಪುಳಿಯೋಗರೆ ಹಾಕಿ ಅಂದ ಮಹಾನುಭಾವ ಯಾವನ್ಲಾ? ತಲೇಲಿ ಬುದ್ಧಿ ಐತಾ ಅವನಿಗೆ?"

ರಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನೀವೇ ಅಲ್ವಾ ಟೀಚರಮ್ಮ! 'ಕಲ್ಯಾಣದುರ್ಗದ ನಮ್ಮಮ್ಮನ ಕೈರುಚಿಯ ಪುಳಿಯೋಗರೆ ಗೊಜ್ಜು, ವಾರಕ್ಕಾಗೋಷ್ಟು ನಾನೇ ಮಾಡ್ಕೊಂಡು ಬತ್ತೀನಿ' ಅಂದ್ರಿ. ನಿಮಗೆ ಎದುರಾಡೋರು ಯಾರು? ಸರೇಲೆಂಡಿ, ಆಗ್ಲಿ ಬಿಡಿ ಅಂದ್ಬುಟ್ವಿ."

ನಿಜ. ಗೊಜ್ಜಿನ ಡಬ್ಬಿಯ ಮೇಲೆ ನನ್ನದೇ ಹೆಸರಿತ್ತು.

ಮರುದಿನ ಪ್ರಾಯಶ್ಚಿತ್ತವೆಂದು ನಾನೇ ಮುದ್ದೆ, ಸೊಪ್ಪಿನ ಸಾರು ಮಾಡಿ ಬಡಿಸಿದೆ. ನಾಗವೇಣಿ ಸಾರಿಗೆ ಬೆರಳದ್ದಿದವಳೇ ಸರಕ್ಕನೆ ಕೈ ಎಳೆದುಕೊಂಡಳು. ಹುಣಿಸೆಹುಳಿ ಹಿಂಡದೆ ಸಾರು ಮಾಡಿ ನನ್ನ ಕೈಗೆ ಅಭ್ಯಾಸವೇ ಇಲ್ಲ.

"ಇರ್ಲಿ ಬಿಡಿ ಟೀಚರಮ್ಮ, ಬರೀ ಮುದ್ದೆ ತಿಂತೀನಿ," ಎಂದು ಮಗುವೇ ನನ್ನನ್ನು ಸಮಾಧಾನ ಮಾಡಿತು.

ಯಾರನ್ನಾದರೂ ಬೈಯೋಣವೆಂದು ಸುತ್ತ ನೋಡಿದೆ. ರಂಗಪ್ಪ ಕೂಡ ಅವತ್ತು ಬಂದಿರಲಿಲ್ಲ.