ಎಂಬತ್ತಕ್ಕೆ ಕಿತ್ತ ಚಾರ್ಜರು

ಹೆಂಡತಿ: ನನ್ನ ಫೋನಿಂದ ಕಿತ್ತಿದ್ದು ಸಾಲದು ಅಂತ ಚಾರ್ಜರನ್ನ ಬ್ಯಾಗಿಗೆ ಹಾಕ್ಕೊಂಡು ಕೆಲಸಕ್ಕೆ ಬೇರೆ ಹೋದ್ರಲ್ಲ, ಅದಕ್ಕೇನಂತೀರಿ?

ಗಂಡ: ಬಿಟ್ಟು ಹೋದ್ರೆ ನೀನು ಮತ್ತೆ ಚುಚ್ತೀಯ ಅಂತ ಗೊತ್ತು ಕಣೇ. ಎಂಬತ್ತು ಪರ್ಸೆಂಟ್ ಆಗಿತ್ತು, ಕಿತ್ತೆ. ಅದಕ್ಕಿಂತ ಮೇಲೆ ಹೋದ್ರೆ ಬ್ಯಾಟರಿ ಆರೋಗ್ಯ ಕೆಡುತ್ತೆ.

ಹೆಂಡತಿ: ನನ್ನ ಕೆಲಸ ಕೆಟ್ಟಿತಲ್ಲ, ಅದು?

ಗಂಡ ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಳ್ಳುವವನು. ಆಗಷ್ಟೇ ಮನೆಗೆ ಬಂದಿದ್ದ. ಒಂದು ಬೂಟು ಬಿಚ್ಚಿಯಾಗಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿಗೆ ಅಂದು ಮಧ್ಯಾಹ್ನ ಇನ್ನೊಂದು ದೊಡ್ಡ ಶಾಲೆಯ ಮುಖ್ಯೋಪಾಧ್ಯಾಯಿನಿ ಹುದ್ದೆಗೆ ವಿಡಿಯೋ ಕರೆಯಲ್ಲಿ ಸಂದರ್ಶನವಿತ್ತು. ಅದರ ನಡುವೆಯೇ ಫೋನು ಕಣ್ಣು ಮುಚ್ಚಿತ್ತು. ಈಗ ಗಂಡನ ಬ್ಯಾಗಿನಿಂದ ಚಾರ್ಜರು ಕಸಿದು ಸಿಕ್ಕಿಸಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ಕಾವಲು ನಿಂತಿದ್ದಳು.

ಗಂಡ: ಎಂಬತ್ತು ಇದ್ದದ್ದು ಅಷ್ಟು ಬೇಗ ಹೇಗೆ ಖಾಲಿಯಾಯ್ತು?

ಹೆಂಡತಿ: ಸರದಿ ಬರೋವರೆಗೂ ವಿಡಿಯೋ ಹಾಕ್ಕೊಂಡೇ ಕಾಯಿರಿ ಅಂದ್ರು, ಗಂಟೆಗಟ್ಟಲೆ ಫೋನ್ ಹಿಡ್ಕೊಂಡು ಕಾದೆ. ಕೊನೇ ಪ್ರಶ್ನೆ ಕೇಳಿದ್ರು, ಬಾಯಿ ತೆರೆದೆ, ಅಷ್ಟರಲ್ಲಿ ನಿಮ್ಮ ಆರೋಗ್ಯವಂತ ಬ್ಯಾಟರಿ ಪ್ರಾಣ ಬಿಡ್ತು.

ಗಂಡ: ಛೆ ಛೆ! ಪೂರ್ತಿ ಸೊನ್ನೆಗೆ ಇಳಿಸಿದ್ಯಾ? ಅದು ಇನ್ನೂ ಕೆಟ್ಟದ್ದು!

ಹೆಂಡತಿ: ಇಳಿಸಿದ್ದು ನಾನಾ? ತುಂಬಿಸಿದ್ರೆ ಕೆಡುತ್ತೆ, ಖಾಲಿಯಾದ್ರೂ ಕೆಡುತ್ತೆ. ಫೋನ್ ತಗೊಂಡಿದ್ದು ಮಾತಾಡೋಕಾ, ಮುದ್ದು ಮಾಡೋಕಾ? ಮೂಗಿಗಿಂತ ಮೂಗುತಿ ಭಾರ!

ಗಂಡ: ನಾನೇನು ಸುಮ್ಮನೆ ಹೇಳ್ತಿಲ್ಲ. ಎಂಬತ್ತರಲ್ಲಿ ನಿಲ್ಲಿಸಿದ್ರೆ ಬಾಳಿಕೆ ಬರುತ್ತೆ, ತಿಳಿದೋರೂ ಅದನ್ನೇ ಹೇಳ್ತಾರೆ.

ಹೆಂಡತಿ: ಬಾಳಿಕೆ ಬರಲಿ, ಬೇಡ ಅಂದೋರ್ಯಾರು? ಬೇಕಾದ ದಿನ ಕೈಕೊಡೋ ವಸ್ತು ನೂರು ವರ್ಷ ಬಾಳಿದ್ರೆ ಯಾರಿಗೆ ಲಾಭ? ಈ ಸೋಫಾ ನೋಡಿ. ಪ್ಲಾಸ್ಟಿಕ್ ಕವರ್ ತೆಗೆಯೋಕೆ ಬಿಟ್ಟಿದ್ದೀರಾ? ಬಂದೋರು ಕೂತ್ರೆ ಬರಬರ ಅನ್ನುತ್ತೆ, ನಮಗೆ ನಾಚಿಕೆ!

ಗಂಡನ ದನಿ ಏರಿತು.

ಗಂಡ: ನೋಡು, ಎಂಬತ್ತು ದಾಟಿದ ಮೇಲೆ ಒಳಗೆ ಬಿಸಿಯಾಗುತ್ತೆ. ಕೊನೆಗೊಂದು ದಿನ ಊದ್ಕೊಳ್ಳುತ್ತೆ. ಆಮೇಲೆ ಎತ್ತಿ ಆಚೆ ಹಾಕೋದೊಂದೇ ದಾರಿ!

ಒಳಕೋಣೆಯ ಬಾಗಿಲು ತೆರೆಯಿತು. ಗಂಡನ ತಾಯಿ ಬಾತುಕೊಂಡ ಕಾಲನ್ನು ಎಳೆಯುತ್ತ ಬಂದು ನಿಂತರು.

ಅತ್ತೆ: ಯಾರನ್ನೋ ಆಚೆ ಹಾಕೋದು? ಎಂಬತ್ತು ದಾಟಿದ್ದು ನನ್ನ ತಪ್ಪೇನೋ?

ಗಂಡ: ಅಯ್ಯೋ, ನಿನ್ನ ಮಾತಲ್ಲಮ್ಮ! ಬ್ಯಾಟರಿ ವಿಷಯ!

ಅತ್ತೆ: ಹೆತ್ತ ತಾಯಿಗೆ ಬ್ಯಾಟರಿ ಅಂತೀಯಾ? ಕಾಲು ಊದಿದೆ ಅಂತ ಬೆಳಿಗ್ಗೆ ಹೇಳಿದ್ದಕ್ಕೆ ಈಗ ಈ ಮಾತಾ?

ಹೆಂಡತಿ: ಅತ್ತೆ, ಇವರು ಹೇಳ್ತಿರೋದು ಫೋನಿಗೆ. ಹೊಟ್ಟೆ ತುಂಬಾ ಹಾಕಬಾರದಂತೆ. ಸ್ವಲ್ಪ ಹಸಿವಲ್ಲೇ ಇಟ್ರೆ ಆಯಸ್ಸು ಹೆಚ್ಚಂತೆ.

ಅತ್ತೆ: ನಿಮ್ಮಪ್ಪನೂ ಹಾಗೇ ಅಂತಿದ್ರು ಕಣೋ. ಅರೆಹೊಟ್ಟೆ ಉಂಡು ಆರೋಗ್ಯ ಕಾಪಾಡ್ಕೊಂಡ್ರು. ಯಾವಾಗ್ಲೋ ಹೋದ್ರು. ಹೊಟ್ಟೆ ತುಂಬ ಉಂಡ ನಾನು ಇನ್ನೂ ಇದ್ದೀನಿ.

ಗಂಡ ಇನ್ನೊಂದು ಬೂಟು ಬಿಚ್ಚಲು ಬಾಗುತ್ತಿದ್ದಂತೆ ಫೋನು ಬಡಿದುಕೊಂಡಿತು. ಹೆಂಡತಿ ಚಾರ್ಜರು ಕೀಳದೆ ಗೋಡೆಗೇ ಬಾಗಿ, ಸ್ಪೀಕರ್ ಒತ್ತಿದಳು.

ದನಿ: ನಮಸ್ಕಾರ ಮೇಡಂ, ಶಾಲೆಯ ಕಾರ್ಯದರ್ಶಿ ಮಾತಾಡ್ತಿರೋದು. ಆಗ್ಲಿಂದ ಪ್ರಯತ್ನಿಸ್ತಿದ್ದೀನಿ, ನಿಮ್ಮದು ಸ್ವಿಚ್ ಆಫ್. ನಿಮಗೆ ಬೇಜಾರಾಗಿದೆ ಅಂತ ಗೊತ್ತು. ದಯವಿಟ್ಟು ಕ್ಷಮಿಸಿ.

ಹೆಂಡತಿ: ಕ್ಷಮೆ... ನೀವ್ಯಾಕೆ?

ದನಿ: 'ಇಷ್ಟು ಜವಾಬ್ದಾರಿ ಹೊರೋಕೆ ನಿಮ್ಮ ಯಜಮಾನ್ರು ಬಿಡ್ತಾರಾ' ಅಂತ ನಮ್ಮ ಸದಸ್ಯರೊಬ್ಬರು ಕೇಳಬಾರದಿತ್ತು. ನೀವು ಮರುಮಾತಿಲ್ಲದೆ ಪಟ್ ಅಂತ ಕರೆ ಕತ್ತರಿಸಿದ್ರಿ ನೋಡಿ, ನಮ್ಮ ಅಧ್ಯಕ್ಷರಿಗೆ ಅದು ಬಹಳ ಹಿಡಿಸ್ತು. 'ಶಾಲೆಗೆ ಇಂಥ ಗಟ್ಟಿ ಹೆಂಗಸೇ ಬೇಕು' ಅಂದ್ರು. ಬಂದು ಸೇರ್ಕೊಳ್ತೀರಾ?

ಹೆಂಡತಿ ಗೋಡೆಗೆ ಇನ್ನಷ್ಟು ಬಾಗಿ "ಹ್ಞೂಂ" ಅಂದಳು. ಕರೆ ಮುಗಿದ ಮೇಲೆ ಅವಳ ಕಣ್ಣು ತುಂಬಿತು. ಗಂಡನ ಎದೆ ಮಾತ್ರ ಆಗಲೇ ಉಬ್ಬಿತ್ತು.

ಗಂಡ: ನೋಡಿದ್ಯಾ? ನಾನು ಕಿತ್ತಿದ್ದಕ್ಕೇ ಕೆಲಸ ಸಿಕ್ಕಿದ್ದು! ಇಲ್ಲದಿದ್ರೆ ನೀನು ಅಲ್ಲಿ ಏನೋ ಒಂದು ಉತ್ತರ ಕೊಟ್ಟು ಕೆಡಿಸ್ಕೋತಿದ್ದೆ. ಏನು ಹೇಳ್ಬೇಕು ಅಂತಿದ್ದೆ?

ಹೆಂಡತಿ: 'ನಮ್ಮ ಯಜಮಾನ್ರು ಯಾವುದಕ್ಕೂ ಅಡ್ಡ ಬರೋರಲ್ಲ' ಅನ್ನೋಕೆ ಬಾಯಿ ತೆರೆದಿದ್ದೆ. ಸದ್ಯ, ಮಕ್ಕಳಿಗೆ ಪಾಠ ಹೇಳೋ ಬಾಯಲ್ಲಿ ಸುಳ್ಳು ಬರೋದು ತಪ್ಪಿತು.